ಮನೆಗಿಂತ ಮೊದಲು ನೆರೆ

ಅಡಿಕೆ ಕೊಯ್ಲು ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ತಿಂಗಳುಗಳಲ್ಲಿ ನಮ್ಮ ಕಡೆ ಮನೆ, ನಿವೇಶನಗಳ ಮಾತು ತಾನಾಗಿಯೇ ಏಳುತ್ತದೆ. ಕೋಣಂದೂರಿನ ಹೋಟೆಲಿನಲ್ಲಿ ಚಹಾ ಕುಡಿಯುವಾಗಲೂ ಅದೇ, ಜುಮಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಲ್ಲಿ ಚಪ್ಪಲಿ ಹುಡುಕುವಾಗಲೂ ಅದೇ. ಮಕ್ಕಳ ಓದಿಗೆ, ವೃದ್ಧರ ಆಸ್ಪತ್ರೆಗೆ ಅನುಕೂಲವೆಂದು ತೀರ್ಥಹಳ್ಳಿ ಪೇಟೆಯಲ್ಲಿ ಒಂದು ಮನೆ ಮಾಡಿಕೊಳ್ಳಬೇಕೆಂಬ ಆಸೆ ಹಳ್ಳಿಯ ಹಲವರಿಗಿದೆ. ಸೊಪ್ಪುಗುಡ್ಡೆಯ ಕಡೆ ಒಳ್ಳೆಯದೋ, ಸೀಬಿನಕೆರೆಯ ಕಡೆಯೋ, ಹೊಳೆ ದಾಟಿ ಕುರುವಳ್ಳಿಯಲ್ಲೋ? ಚದರಡಿಗೆ ಎಷ್ಟು? ಮನೆ ಬಾಗಿಲಿಗೆ ಕಾರು ಬರುತ್ತದೆಯೇ? ಮಸೀದಿ ಎಷ್ಟು ದೂರ? ಈ ಪ್ರಶ್ನೆಗಳಲ್ಲಿ ಒಂದೂ ತಪ್ಪಲ್ಲ. ಆದರೆ ಆ ಮನೆಯ ಎಡಬಲದಲ್ಲಿ ಯಾರಿದ್ದಾರೆ, ನಾವು ಅಲ್ಲಿಗೆ ಹೋಗಿ ನೆಲೆಸುವುದರಿಂದ ಅವರಿಗೆ ಏನಾಗುತ್ತದೆ ಎಂದು ಕೇಳುವವರನ್ನು ನಾನು ಕಂಡದ್ದು ಬಹಳ ಕಡಿಮೆ. ಇತರರನ್ನು ದೂರುತ್ತಿಲ್ಲ. ಈ ವರ್ಷ ನನ್ನದೇ ಸರದಿ ಬಂದಾಗ ನಾನೂ ಅದನ್ನು ಕೇಳಲಿಲ್ಲ. ಕೇಳುವ ಮೊದಲೇ ಮುಂಗಡ ಕೊಟ್ಟು ಬಂದೆ.

ಸಹೃದಯ ಓದುಗರೇ, ಬಾಡಿಗೆ ಮನೆಯ ಮಾತು ಬೇರೆ, ಕೊಂಡ ಮನೆಯ ಮಾತು ಬೇರೆ. ಬಾಡಿಗೆ ಮನೆಯ ನೆರೆ ಸರಿಬರದಿದ್ದರೆ ಹನ್ನೊಂದು ತಿಂಗಳ ಕರಾರು ಮುಗಿದ ಕೂಡಲೇ ಪಾತ್ರೆ ಪಗಡಿ ಕಟ್ಟಿಕೊಂಡು ಹೊರಡಬಹುದು. ಕೊಂಡ ಮನೆಯಿಂದ ಹಾಗೆ ಏಳಲು ಸಾಧ್ಯವಿಲ್ಲ. ಪ್ರವಾದಿವರ್ಯರು(ಸ) ಖಾಯಂ ವಾಸದ ಸ್ಥಳದಲ್ಲಿ ಕೆಟ್ಟ ನೆರೆಯವನು ಒದಗುವುದರಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರೆಂದು ಹ. ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. ಮರುಭೂಮಿಯಲ್ಲಿ ಡೇರೆ ಹೂಡಿದ ನೆರೆಯವನಾದರೆ ಇಂದಲ್ಲ ನಾಳೆ ಎದ್ದು ಹೋಗುತ್ತಾನೆ ಎಂಬ ಕಾರಣವನ್ನೂ ಅದೇ ಪ್ರಾರ್ಥನೆಯಲ್ಲಿ ಹೇಳಲಾಗಿದೆ. ನಸಾಈಯಲ್ಲಿರುವ ಈ ಹದೀಸನ್ನು ನಾನು ಮದ್ರಸದ ಮಕ್ಕಳಿಗೆ ಎಷ್ಟೋ ಸಲ ಕಲಿಸಿದ್ದೇನೆ. ಡೇರೆ ಮತ್ತು ಖಾಯಂ ಮನೆಯ ನಡುವಿನ ಈ ಅಂತರ ನನ್ನ ಬದುಕಿಗೆ ಸಂಬಂಧಿಸಿದ್ದೆಂದು ಹೊಳೆದದ್ದು ಮಾತ್ರ ಈಗ.

ಮೊದಲು ನೆರೆ, ಆಮೇಲೆ ಮನೆ ಎಂಬರ್ಥದ ಒಂದು ಅರಬಿ ಮಾತು ನಮ್ಮ ವಅಝ್‌ಗಳಲ್ಲಿ ಬಹಳ ಕೇಳಿಬರುತ್ತದೆ. ಅದನ್ನು ಹದೀಸೆಂದೇ ಹೇಳುವವರಿದ್ದಾರೆ. ತಬ್ರಾನಿಯಲ್ಲಿ ಅದರ ವರದಿ ಇದೆಯಾದರೂ ಪರಂಪರೆ ದುರ್ಬಲವೆಂದು ಹದೀಸ್ ವಿದ್ವಾಂಸರು ತೀರ್ಮಾನಿಸಿದ್ದಾರೆ. ಆದ್ದರಿಂದ ಅದನ್ನು ಪ್ರವಾದಿವಚನವೆಂದು ನಾನು ಇಲ್ಲಿ ಮುಂದಿಡುವುದಿಲ್ಲ. ಅದರ ಅರ್ಥಕ್ಕೆ ಬಲ ಕೊಡುವ ಪ್ರಬಲ ವರದಿಗಳು ಬೇಕಾದಷ್ಟಿವೆ. ಮನುಷ್ಯನ ಸೌಭಾಗ್ಯದ ನಾಲ್ಕು ಸಂಗತಿಗಳಲ್ಲಿ ಸಜ್ಜನೆಯಾದ ಪತ್ನಿ, ವಿಶಾಲವಾದ ಮನೆ ಮತ್ತು ಒಳ್ಳೆಯ ವಾಹನದ ಜೊತೆಗೆ ಒಳ್ಳೆಯ ನೆರೆಯವನನ್ನೂ ಎಣಿಸಲಾಗಿದೆ. ಇಬ್ನು ಹಿಬ್ಬಾನ್ ಇದನ್ನು ಹ. ಸಅದ್ ಬಿನ್ ಅಬೀ ವಕ್ಕಾಸ್(ರ) ಅವರಿಂದ ಉದ್ಧರಿಸಿದ್ದಾರೆ. ಜಿಬ್ರೀಲ್(ಅ) ನೆರೆಯವನ ಕುರಿತು ಎಷ್ಟು ಒತ್ತಿ ಒತ್ತಿ ಉಪದೇಶಿಸಿದರೆಂದರೆ, ಅವನಿಗೆ ವಾರಸು ಹಕ್ಕನ್ನೇ ಕೊಟ್ಟುಬಿಡುವರೇನೋ ಎಂದು ಪ್ರವಾದಿವರ್ಯರಿಗೆ(ಸ) ಅನಿಸಿತೆಂಬ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ನೆರೆಯವನಿಗೆ ತನ್ನಿಂದ ಉಪದ್ರವವಾಗದೆಂಬ ನೆಮ್ಮದಿ ಇಲ್ಲದಿದ್ದರೆ ಅಂಥವನು ಸತ್ಯವಿಶ್ವಾಸಿಯೇ ಅಲ್ಲವೆಂದು ಅಲ್ಲಾಹನಾಣೆ ಹಾಕಿ ಮೂರು ಬಾರಿ ಹೇಳಿದ್ದೂ ಬುಖಾರಿಯಲ್ಲಿದೆ.

ಈ ಕೊನೆಯ ಹದೀಸನ್ನು ಒಮ್ಮೆ ನಿಧಾನವಾಗಿ ಓದಿ. ನಿಮಗೆ ಒಳ್ಳೆಯ ನೆರೆ ಸಿಗಬೇಕೆಂದು ಅದರಲ್ಲಿ ಹೇಳಿಲ್ಲ. ಅಲ್ಲಿ ವಿಚಾರಣೆ ನಡೆಯುವುದು ನಿಮ್ಮದು. ಮನೆ ನೋಡಲು ಹೋದವನು ತಾನು ನೆರೆಯನ್ನು ಪರೀಕ್ಷಿಸುತ್ತಿದ್ದೇನೆಂದು ಭಾವಿಸುತ್ತಾನೆ. ಅದೇ ಹೊತ್ತಿಗೆ ಪಕ್ಕದ ಮನೆಯ ಕಿಟಕಿಯಿಂದ, ಬರುವವರು ಎಂಥವರೋ ಎಂದು ಅವನನ್ನೂ ಯಾರೋ ನೋಡುತ್ತಿರುತ್ತಾರೆ.

ಚೆಕ್ಕುಬಂದಿ ಹೇಳುವುದೇನು?

ನಾನು ಕನ್ನಡದಲ್ಲಿ ಬಿ.ಎ. ಮಾಡಿದವನಾದ್ದರಿಂದ ಹಳೆಯ ಕಾಗದಗಳನ್ನು ಕಂಡರೆ ಓದುವ ಚಪಲ. ಮುಂಗಡ ಕೊಡುವ ದಿನ ಆ ಮನೆಯ ಹಳೆಯ ಕ್ರಯಪತ್ರವನ್ನು ಕೈಗೆ ಕೊಟ್ಟರು. ಶಾಸನಗಳ ಪಾಠದಲ್ಲಿ ಓದಿದ್ದ ನಿಧಿ, ನಿಕ್ಷೇಪ, ಜಲ, ಪಾಷಾಣ ಮುಂತಾದ ಅಷ್ಟಭೋಗದ ಮಾತುಗಳು ಅದರಲ್ಲಿ ಇನ್ನೂ ಜೀವಂತವಾಗಿದ್ದವು. ಕೊನೆಯಲ್ಲಿ ಚೆಕ್ಕುಬಂದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಹಿತ್ತಲು, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಇಂಥವರ ಖಾಲಿ ಜಾಗ. ಇದನ್ನು ನಾವೆಲ್ಲ ನೋಡಿರುತ್ತೇವೆ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕುವಾಗ ದಾಟಿ ಹೋಗಿರುತ್ತೇವೆ. ಮನೆಯೊಂದನ್ನು ಗುರುತಿಸಲು ಸರಕಾರಿ ಕಾಗದಕ್ಕೂ ನೆರೆಯವರ ಹೆಸರು ಬೇಕಾಗುತ್ತದೆ! ಆ ಹೆಸರುಗಳನ್ನು ತೆಗೆದುಬಿಟ್ಟರೆ ನೀವು ಕೊಂಡದ್ದು ಎಲ್ಲಿದೆಯೆಂದು ತೋರಿಸಲು ಬರುವುದಿಲ್ಲ.

ಸೂರಃ ಅನ್ನಿಸಾದ 36ನೆಯ ಸೂಕ್ತದಲ್ಲಿ ಅಲ್ಲಾಹನು ತನ್ನ ಆರಾಧನೆಯ ಆಜ್ಞೆಯ ಬೆನ್ನಿಗೇ ತಂದೆತಾಯಿ, ಬಂಧುಗಳು, ಅನಾಥರು, ದರಿದ್ರರೊಂದಿಗೆ ಸದ್ವರ್ತನೆಗೆ ಆದೇಶಿಸುತ್ತಾನೆ. ಅಲ್ಲಿ ನೆರೆಯವರನ್ನು ಒಂದೇ ಮಾತಿನಲ್ಲಿ ಮುಗಿಸಿಲ್ಲ. ಬಂಧುವಾದ ನೆರೆಯವನು, ಪರಕೀಯನಾದ ನೆರೆಯವನು, ಪಕ್ಕದಲ್ಲಿರುವ ಸಂಗಾತಿ ಎಂದು ಬೇರೆ ಬೇರೆಯಾಗಿ ಹೆಸರಿಸಿದೆ. ಪರಕೀಯನಾದ ನೆರೆಯವನೆಂದರೆ ಅನ್ಯಧರ್ಮೀಯ ನೆರೆಯವನೆಂದೇ ಅರ್ಥ ಹೇಳಿದ ವ್ಯಾಖ್ಯಾನಕಾರರು ಆರಂಭದ ತಲೆಮಾರುಗಳಲ್ಲಿಯೇ ಇದ್ದರು. ಹ. ಅಬ್ದುಲ್ಲಾ ಬಿನ್ ಅಮ್ರ್(ರ) ಅವರ ಮನೆಯಲ್ಲಿ ಆಡು ಕಡಿದಾಗ, ನಮ್ಮ ಯಹೂದಿ ನೆರೆಯವನಿಗೆ ಕಳಿಸಿದಿರಾ ಎಂದು ಅವರು ವಿಚಾರಿಸಿದ ವರದಿ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ನೆರೆಯೆಂದರೆ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಹಸನ್ ಬಸರಿಯವರು ನಾಲ್ಕೂ ದಿಕ್ಕಿಗೆ ನಲವತ್ತು ನಲವತ್ತು ಮನೆಗಳೆಂದು ಉತ್ತರಿಸಿದ್ದರು. ನಮ್ಮ ಮಲೆನಾಡಿಗೆ ಈ ಲೆಕ್ಕ ಹಾಕಿದರೆ ನಗು ಬರುತ್ತದೆ. ಇಲ್ಲಿ ತೋಟಕ್ಕೊಂದು, ಗುಡ್ಡಕ್ಕೊಂದು ಒಂಟಿ ಮನೆ. ನಾಲ್ಕು ದಿಕ್ಕಿಗೆ ನಲವತ್ತು ಮನೆ ಎಣಿಸುವಷ್ಟರಲ್ಲಿ ಎರಡು ಹೋಬಳಿ ದಾಟಿರುತ್ತೇವೆ. ಬಹುಶಃ ಅದಕ್ಕಾಗಿಯೇ ಹಳ್ಳಿಯಿಂದ ಪೇಟೆಗೆ ಹೋದ ನಮ್ಮವರಿಗೆ ಗೋಡೆಗೆ ಗೋಡೆ ತಾಗಿದ ನೆರೆತನ ಕಷ್ಟವಾಗುತ್ತದೆ.

ಹಳೆಯ ಅರಬಿ ಗ್ರಂಥಗಳಲ್ಲಿ ಅಬುಲ್ ಜಹ್ಮ್ ಎಂಬವರ ಕಥೆಯೊಂದು ಬರುತ್ತದೆ. ಅವರು ತಮ್ಮ ಮನೆಯನ್ನು ಒಂದು ಲಕ್ಷ ದಿರ್ಹಮಿಗೆ ಮಾರಿದರು. ಹಣ ಎಣಿಸುವ ಹೊತ್ತಿಗೆ, ಇದು ಮನೆಯ ಬೆಲೆಯಾಯಿತು, ಸಈದ್ ಬಿನ್ ಆಸ್ ಅವರ ನೆರೆತನಕ್ಕೆ ಏನು ಕೊಡುತ್ತೀರಿ ಎಂದು ಕೇಳಿದರು. ನೆರೆತನವನ್ನೂ ಯಾರಾದರೂ ಮಾರುವುದುಂಟೇ ಎಂದರು ಕೊಳ್ಳುವವರು. ಹಾಗಾದರೆ ನನ್ನ ಮನೆ ನನಗಿರಲಿ, ನಾನು ಕಾಣದಿದ್ದರೆ ವಿಚಾರಿಸುವ, ಕಂಡರೆ ಆದರಿಸುವ ಮನುಷ್ಯನ ಪಕ್ಕವನ್ನು ಬಿಟ್ಟು ನಾನು ಹೋಗಲಾರೆ ಎಂದು ಅವರು ವ್ಯಾಪಾರ ಮುರಿದರು. ಸುದ್ದಿ ತಿಳಿದ ಸಈದ್ ಆ ಒಂದು ಲಕ್ಷವನ್ನು ತಾವೇ ಅವರಿಗೆ ಕಳಿಸಿಕೊಟ್ಟರಂತೆ.

ನಮ್ಮ ಸೀಮೆಯಲ್ಲಿ ಇಂಥ ನಷ್ಟವನ್ನು ಕಂಡವರು ಇನ್ನೂ ಬದುಕಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಸಾಗರ, ಹೊಸನಗರ ತಾಲೂಕುಗಳ ಹಳ್ಳಿಗಳನ್ನು ಮುಳುಗಿಸಿದಾಗ ಸಾವಿರಾರು ಕುಟುಂಬಗಳು ಚದುರಿಹೋದವು. ಆ ಸಂತ್ರಸ್ತರ ಭೂಮಿಯ ಹಕ್ಕುಪತ್ರದ ಗೋಳು ಅರ್ಧ ಶತಮಾನ ಕಳೆದರೂ ತೀರದೆ ಉಳಿದದ್ದು ಎಲ್ಲರಿಗೂ ಗೊತ್ತು. ಪತ್ರಿಕೆಗಳಲ್ಲಿ ಬರುವುದು ಭೂಮಿಯ ಲೆಕ್ಕ. ಆದರೆ ಅವರಲ್ಲಿ ಹಿರಿಯರೊಬ್ಬರನ್ನು ಮಾತಾಡಿಸಿ ನೋಡಿ. ಎಷ್ಟು ಎಕರೆ ಹೋಯಿತೆಂಬುದನ್ನು ಒಂದೇ ಮಾತಿನಲ್ಲಿ ಮುಗಿಸಿ, ಪಕ್ಕದ ಮನೆಯವರು ಈಗ ಯಾವ ಊರಿನಲ್ಲಿದ್ದಾರೋ ಎಂದು ಅರ್ಧ ಗಂಟೆ ಹೇಳುತ್ತಾರೆ. ಹೊಸನಗರ ತಾಲೂಕಿನ ನಗರವನ್ನೂ ನೋಡಿ. ಅದು ಹಿಂದಿನ ಬಿದನೂರು, ಹದಿನೇಳನೆಯ ಶತಮಾನದಲ್ಲಿ ಇಕ್ಕೇರಿಯನ್ನು ಬಿಟ್ಟು ಕೆಳದಿ ಅರಸರು ಕಟ್ಟಿಕೊಂಡ ರಾಜಧಾನಿ. ಶಿವಪ್ಪ ನಾಯಕನ ಕಾಲದಲ್ಲಿ ಹೆಸರಾದ ಪಟ್ಟಣ. 1763ರಲ್ಲಿ ಹೈದರ್ ಅಲಿ ಗೆದ್ದ ಮೇಲೆ ಅದೇ ಹೈದರ್‌ನಗರವಾಯಿತು. ಕೋಟೆಯ ಗೋಡೆ, ಬಾಗಿಲು, ಕಂದಕ ಇಂದಿಗೂ ಇವೆ. ಆದರೆ ಆ ಕಾಲದ ಜನನಿಬಿಡ ಕೇರಿಗಳಿಲ್ಲ. ಹಳೆಯ ಊರು, ಇತಿಹಾಸದ ಊರು ಎಂಬ ಹೆಮ್ಮೆಗೆ ಹೆಚ್ಚು ಬೆಲೆ ತೆತ್ತು ಮನೆ ಕೊಳ್ಳುವವರಿಗೆ ಆ ಕೋಟೆಯನ್ನೊಮ್ಮೆ ಸುತ್ತಿ ಬರಲು ಹೇಳುತ್ತೇನೆ.

ಮಸೀದಿಯ ಪಕ್ಕವೇ ಬೇಕೆ?

ಈಗ ನಮ್ಮಲ್ಲಿ ಅತಿ ಹೆಚ್ಚು ಚರ್ಚೆಯಾಗುವ ವಿಷಯಕ್ಕೆ ಬರೋಣ. ಮಸೀದಿಯ ಹತ್ತಿರ, ನಮ್ಮವರ ನಡುವೆ ಮನೆ ಬೇಕು. ಜಮಾಅತಿನ ನಮಾಝ್ ತಪ್ಪುವುದಿಲ್ಲ, ಮಕ್ಕಳು ಮದ್ರಸಕ್ಕೆ ನಡೆದು ಹೋಗುತ್ತಾರೆ, ಹೆಂಗಸರಿಗೆ ಒಡನಾಟವಿರುತ್ತದೆ. ಇವೆಲ್ಲವೂ ನಿಜ. ಜಿಲ್ಲಾ ಕೇಂದ್ರದಿಂದ ಗಲಾಟೆಯ ಸುದ್ದಿ ಬಂದಾಗಲೆಲ್ಲ ಮನೆಯ ತಾಯಂದಿರು ನಮ್ಮವರ ನಡುವೆಯೇ ಇರೋಣವೆನ್ನುತ್ತಾರೆ. ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಸಾಬರಿಗೆ ಮನೆ ಕೊಡುವುದಿಲ್ಲವೆಂದು ಮುಖಕ್ಕೇ ಹೇಳಿಸಿಕೊಂಡು ಬಂದವರೂ ನಮ್ಮ ನಡುವೆ ಇದ್ದಾರೆ. ಅವರಿಗೆ ಆಯ್ಕೆಯೇ ಇರಲಿಲ್ಲ, ಈ ಲೇಖನ ಅವರನ್ನು ಕುರಿತದ್ದಲ್ಲ.

ಆದರೆ ಆಯ್ಕೆ ಇರುವವರು ಒಂದು ಘಟನೆಯನ್ನು ಗಮನಿಸಬೇಕು. ಮದೀನಾದಲ್ಲಿ ಬನೂ ಸಲಿಮಾ ಎಂಬ ಅನ್ಸಾರ್ ಗೋತ್ರದವರ ಮನೆಗಳು ಮಸೀದಿಯಿಂದ ದೂರವಿದ್ದವು. ಮಸೀದಿಯ ಸುತ್ತ ಜಾಗ ಖಾಲಿಯಾದಾಗ ಅವರು ಅಲ್ಲಿಗೆ ಬಂದು ನೆಲೆಸಲು ಬಯಸಿದರು. ಇದಕ್ಕಿಂತ ಒಳ್ಳೆಯ ಬಯಕೆ ಯಾವುದು? ಪ್ರವಾದಿವರ್ಯರು(ಸ) ಒಪ್ಪಲಿಲ್ಲ. ನಿಮ್ಮ ಮನೆಗಳಲ್ಲೇ ಇರಿ, ನೀವು ನಡೆದು ಬರುವ ಹೆಜ್ಜೆಗಳು ದಾಖಲಾಗುತ್ತವೆ ಎಂದು ಅವರನ್ನು ಸಮಾಧಾನಪಡಿಸಿದರು. ಮುಸ್ಲಿಮ್‌ನಲ್ಲಿ ಹ. ಜಾಬಿರ್(ರ) ಅವರಿಂದ ಇದು ವರದಿಯಾಗಿದೆ. ಹ. ಅನಸ್(ರ) ಅವರಿಂದ ಬುಖಾರಿಯಲ್ಲಿ ಬಂದಿರುವ ವರದಿಯಲ್ಲಿ ಇನ್ನೊಂದು ವಿವರವಿದೆ. ಮದೀನಾದ ಅಂಚುಗಳು ಬರಿದಾಗುವುದು ಅವರಿಗೆ ಇಷ್ಟವಿರಲಿಲ್ಲ. ಪುಣ್ಯದ ಪ್ರಶ್ನೆಯ ಜೊತೆಗೆ ಊರಿನ ಪ್ರಶ್ನೆಯೂ ಅಲ್ಲಿತ್ತು. ಎಲ್ಲರೂ ಒಂದೇ ಕಡೆಗೆ ಒತ್ತಿಕೊಂಡರೆ ಉಳಿದ ಕಡೆ ಯಾರಿರಬೇಕು?

ಕೋಣಂದೂರಿನಲ್ಲಿ ನಾವಿರುವ ಬಾಡಿಗೆ ಮನೆಯ ಒಂದು ಪಕ್ಕಕ್ಕೂ ನಮ್ಮ ಧರ್ಮದವರಿಲ್ಲ. ನನ್ನ ತಂದೆ ತೀರಿಕೊಂಡದ್ದು ಆಷಾಢದ ಒಂದು ರಾತ್ರಿ. ಹೊರಗೆ ಕಾಲಿಡಲಾಗದ ಮಳೆ, ಕರೆಂಟ್ ಹೋಗಿ ಎರಡು ದಿನವಾಗಿತ್ತು. ಪಕ್ಕದ ಮನೆಯ ಗೌಡರು ಅಡಿಕೆ ಬೇಯಿಸುವ ಚಪ್ಪರವನ್ನು ತೆರವು ಮಾಡಿಸಿ, ಬಂದ ಜನ ಕೂರಲು ಬೆಂಚು ಹಾಕಿಸಿ, ಮಯ್ಯತ್ ಸ್ನಾನಕ್ಕೆ ತಮ್ಮ ಹಂಡೆಯಲ್ಲಿ ನೀರು ಕಾಯಿಸಿ ಕೊಟ್ಟರು. "ಏನು ಬೇಕು ಹೇಳಿ ಮೇಷ್ಟ್ರೆ, ನಮಗೆ ನಿಮ್ಮ ಪದ್ಧತಿ ಗೊತ್ತಿಲ್ಲ" ಎಂದು ಬೆಳಗಿನವರೆಗೆ ಬಾಗಿಲಲ್ಲೇ ನಿಂತಿದ್ದರು. ತೀರ್ಥಹಳ್ಳಿಯ ಮನೆಯ ಸುದ್ದಿ ಹೇಳಿದಾಗ ನನ್ನ ಉಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಪಕ್ಕದಲ್ಲಿ ಯಾರಿದ್ದಾರೆ?" ನನ್ನ ಬಳಿ ಉತ್ತರವಿರಲಿಲ್ಲ. ಮಸೀದಿ ಹತ್ತೇ ಹೆಜ್ಜೆ ಎಂದೆ. ಅವರು ಮತ್ತೆ ಅದನ್ನೇ ಕೇಳಿದರು.

ನಮ್ಮವರ ಕೇರಿಯಲ್ಲಿದ್ದೇವೆಂದ ಮಾತ್ರಕ್ಕೆ ನೆರೆಹಕ್ಕು ತಾನಾಗಿ ಸಂದಾಯವಾಗುವುದಿಲ್ಲ. ಮಸೀದಿಯ ಓಣಿಯಲ್ಲಿ ಶುಕ್ರವಾರ ಪಕ್ಕದವರ ಬಾಗಿಲಿಗೆ ಅಡ್ಡವಾಗಿ ಬೈಕು ನಿಲ್ಲಿಸಿ ಮೊದಲ ಸಾಲಿಗೆ ಓಡುವವರು ನಾವೇ ಅಲ್ಲವೇ? ರಾತ್ರಿ ನಮಾಝ್, ಹಗಲು ಉಪವಾಸ ಆಚರಿಸುತ್ತಿದ್ದರೂ ನಾಲಿಗೆಯಿಂದ ನೆರೆಯವರನ್ನು ನೋಯಿಸುತ್ತಿದ್ದ ಸ್ತ್ರೀಯ ಕುರಿತು ಕೇಳಿದಾಗ ಪ್ರವಾದಿವರ್ಯರು(ಸ) ಆಕೆಯಲ್ಲಿ ಒಳಿತಿಲ್ಲ, ಆಕೆ ನರಕದವಳೆಂದದ್ದು ನೆನಪಿರಲಿ.

ನೋಡಲು ಹೋಗುವಾಗ

ಮನೆಯನ್ನು ಒಂದೇ ಸಲ, ಅದೂ ಭಾನುವಾರ ಮಧ್ಯಾಹ್ನ ನೋಡಿ ತೀರ್ಮಾನಿಸಬೇಡಿ. ಬೆಳಿಗ್ಗೆ ಫಜ್ರ್ ಕಳೆದು ಒಮ್ಮೆ, ಸಂಜೆ ಮಕ್ಕಳು ಆಡುವ ಹೊತ್ತಿಗೆ ಒಮ್ಮೆ, ಎಪ್ರಿಲ್‌ನಲ್ಲಿ ಬಾವಿ ಆರುವಾಗ ಒಮ್ಮೆ, ಜುಲೈ ಮಳೆಯಲ್ಲಿ ಒಮ್ಮೆ ಹೋಗಿ. ಮಲೆನಾಡಿನ ಮನೆಯ ನಿಜವಾದ ಸ್ಥಿತಿ ತಿಳಿಯುವುದು ಮಳೆಯಲ್ಲಿ. ತುಂಗೆಯ ನಡುವಿನ ರಾಮಮಂಟಪ ಮುಳುಗಿದ ದಿನ ಹೊಳೆಯ ಬದಿಯ ಓಣಿಗಳಲ್ಲಿ ನಡೆದು ನೋಡಿದವನಿಗೆ ಯಾವ ದಲ್ಲಾಳಿಯೂ ಸುಳ್ಳು ಹೇಳಲಾರ. ನಿವೇಶನದ ಹಿಂದೆ ಧರೆ ಕಡಿದಿದ್ದರೆ ಅದರ ಮೇಲೆ ಯಾರ ಮನೆಯಿದೆ, ಕೆಳಗೆ ಯಾರ ಮನೆಯಿದೆ ಎರಡನ್ನೂ ನೋಡಿ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ತಾಲೂಕಿನಲ್ಲಿ ಗುಡ್ಡ ಜರಿದು ಗದ್ದೆ ತೋಟಗಳನ್ನು ಮುಚ್ಚಿದ್ದನ್ನು ಕಂಡಿದ್ದೇವೆ. ನಿಮ್ಮ ಅಂಗಳದ ನೀರು ಎಲ್ಲಿಗೆ ಹರಿಯುತ್ತದೆ? ಪಕ್ಕದವರ ಅಡಿಗೆಮನೆಗಾದರೆ ಆ ಮನೆ ಎಷ್ಟು ಅಗ್ಗವಾದರೂ ದುಬಾರಿಯೇ.

ಕಾಗದಗಳ ವಿಷಯ ಹೆಚ್ಚು ಹೇಳುವುದಿಲ್ಲ, ವಕೀಲರನ್ನು ಕೇಳಿ. ಋಣಭಾರ ಪತ್ರ, ಖಾತೆ, ಭೂಪರಿವರ್ತನೆಯ ಆದೇಶ, ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ 9 ಮತ್ತು 11ನೆಯ ನಮೂನೆ, ಇವಿಷ್ಟಿಲ್ಲದೆ ಹಣ ಕೊಡಬೇಡಿ. ಅರಣ್ಯದ ಅಂಚಿನ ಜಾಗ, 94ಸಿ ಅಡಿ ಸಕ್ರಮಕ್ಕೆ ಅರ್ಜಿ ಹಾಕಿದ್ದೇವೆ ಎಂಬ ಭರವಸೆ, ಬಿಳಿ ಹಾಳೆಯ ಕರಾರು, ಇವುಗಳಿಂದ ನಮ್ಮ ಮೂರು ತಾಲೂಕುಗಳಲ್ಲಿ ಹಣ ಕಳಕೊಂಡವರಿದ್ದಾರೆ. ಅನ್ಯಾಯವಾಗಿ ಒಂದು ಗೇಣು ನೆಲ ಕಬಳಿಸಿದವನ ಕೊರಳಿಗೆ ಏಳು ಭೂಮಿಗಳನ್ನು ತೊಡಿಸಲಾಗುವುದೆಂಬ ಎಚ್ಚರಿಕೆ ಬೇಲಿ ಜರುಗಿಸುವವನಿಗೆ ಮಾತ್ರವಲ್ಲ, ಜರುಗಿದ ಬೇಲಿಯನ್ನು ತಿಳಿದೂ ಕೊಳ್ಳುವವನಿಗೂ ಅನ್ವಯಿಸುತ್ತದೆ. ಬಡ್ಡಿಯ ಸಾಲದಿಂದ ಮನೆ ಕೊಳ್ಳುವ ಪ್ರಶ್ನೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು.

ಕಾಗದದಲ್ಲಿ ಇಲ್ಲದ್ದನ್ನು ವಿಚಾರಿಸುವುದು ಹೆಚ್ಚು ಮುಖ್ಯ. ಈ ಹಿತ್ತಲಿನಲ್ಲಿ ಯಾರು ನಡೆದಾಡುತ್ತಾರೆ? ಗೋಡೆ ಯಾರದು? ಮಾರುವವರು ಏಕೆ ಮಾರುತ್ತಿದ್ದಾರೆ, ಪಕ್ಕದವರಿಗೆ ಏಕೆ ಮಾರುತ್ತಿಲ್ಲ? ಇದನ್ನು ಮಾರುವವರಲ್ಲಿ ಕೇಳಿ ಪ್ರಯೋಜನವಿಲ್ಲ. ಪಕ್ಕದ ಮನೆಯ ಜಗಲಿಯಲ್ಲಿ ಹತ್ತು ನಿಮಿಷ ಕುಳಿತು ಬನ್ನಿ.

ಬಾವಿಯ ವಿಷಯ

ನನ್ನ ಭಾವ ಹುಡುಕಿದ್ದ ಆ ಮನೆ ಹಳೆಯ ಹಂಚಿನ ಮನೆ. ಹಿಂದೆ ಚಿಕ್ಕ ಹಿತ್ತಲು, ಹಿತ್ತಲಲ್ಲಿ ಕಲ್ಲು ಕಟ್ಟಿದ ಬಾವಿ. ಬೆಲೆ ಸುತ್ತಲಿನ ಬೆಲೆಗಿಂತ ಕಡಿಮೆಯಿತ್ತು. ಏಕೆಂದು ಕೇಳುವ ಬದಲು ನಾನು ಇನ್ನಷ್ಟು ಚೌಕಾಸಿ ಮಾಡಿದೆ. ಮುಂಗಡ ಕೊಟ್ಟು ಮೂರು ತಿಂಗಳ ಅವಧಿಯ ಕರಾರು ಬರೆಸಿದೆವು. ಆ ಬಳಿಕ ಮಳೆಯ ದಿನವೊಂದರಲ್ಲಿ ಸೋರುವ ಜಾಗ ಗುರುತಿಸಲೆಂದು ಒಬ್ಬನೇ ಹೋಗಿದ್ದೆ. ಹಿತ್ತಲ ಬೇಲಿಯ ದಣಪೆ ಸರಿಸಿಕೊಂಡು ವಯಸ್ಸಾದ ಹೆಂಗಸೊಬ್ಬರು ಕೊಡಪಾನ ಹಿಡಿದು ಬಂದರು. ನೀರು ಸೇದಿ, ಕೊಡ ಸೊಂಟಕ್ಕಿಟ್ಟುಕೊಂಡು, ನನ್ನನ್ನು ನೋಡಿ ನಿಂತರು.

"ನೀವೇನಾ ಈ ಮನೆ ತಗಳ್ಳೋರು?"

ಹೌದಮ್ಮ ಎಂದೆ.

"ಬಾವಿ ಮಾತ್ರ ಮುಚ್ಚಬೇಡಿ ಮಾರಾಯ್ರೆ. ನಲ್ಲಿ ನೀರು ನೆಚ್ಚಿಕಂಡು ಬೇಸಿಗೆ ಕಳಿಯಕ್ಕಾಗಲ್ಲ. ನಾನು ಮದುವೆಯಾಗಿ ಬಂದಾಗಿಂದ ಇದೇ ನೀರು."

ಮಾರುವವರನ್ನು ಕೇಳಿದೆ. ಕಾಗದದಲ್ಲಿ ಏನೂ ಇಲ್ಲ, ಗೋಡೆ ಹಾಕಿಕೊಳ್ಳಿ, ಎರಡು ದಿನ ಕೂಗಾಡಿ ಸುಮ್ಮನಾಗುತ್ತಾರೆ ಎಂದರು. ಆಮೇಲೆ ತಿಳಿಯಿತು, ಆಕೆಯ ಗಂಡ ಬದುಕಿದ್ದಾಗಲೇ ಈ ಜಾಗವನ್ನು ಕೇಳಿದ್ದರಂತೆ. ಹಳೆಯ ಮನಸ್ತಾಪದಿಂದ ಅವರಿಗೊಂದು ಬಿಟ್ಟು ಯಾರಿಗಾದರೂ ಸರಿ ಎಂದು ಇವರು ಹಟ ಹಿಡಿದಿದ್ದರು. ನನಗೆ ಸಿಕ್ಕಿದ್ದ ಅಗ್ಗದ ಬೆಲೆ ಆ ಹಟದ ಬೆಲೆ.

ಓದುಗರೇ, ಶುಫ್‌ಅ ಎಂಬ ನಿಯಮವನ್ನು ನೀವು ಕೇಳಿರಬಹುದು. ಆಸ್ತಿ ಮಾರುವಾಗ ಹೊರಗಿನವನಿಗಿಂತ ಮೊದಲು ಕೊಳ್ಳುವ ಹಕ್ಕು. ಗಡಿಗಳು ನಿರ್ಧಾರವಾಗಿ ದಾರಿಗಳು ಬೇರೆಯಾದ ಮೇಲೆ ಶುಫ್‌ಅ ಇಲ್ಲವೆಂಬ ಹ. ಜಾಬಿರ್(ರ) ಅವರ ವರದಿಯ ಆಧಾರದಲ್ಲಿ ಶಾಫಿಈ ಮದ್‌ಹಬಿನಲ್ಲಿ ಈ ಹಕ್ಕು ಪಾಲುದಾರನಿಗೆ ಮಾತ್ರ. ಹನಫೀ ಮದ್‌ಹಬಿನಲ್ಲಿ ಪಕ್ಕದ ನೆರೆಯವನಿಗೂ ಇದೆ, ಅವನು ಮುಸ್ಲಿಮನಾಗಿರಲಿ ಇಲ್ಲದಿರಲಿ. ದೇಶದ ಕಾನೂನಿನ ಮಾತು ಹೇಳುವುದಾದರೆ, ಕೇವಲ ನೆರೆಯವನೆಂಬ ಆಧಾರದ ಮೇಲೆ ಇಂಥ ಹಕ್ಕು ಸಾಧಿಸುವುದನ್ನು ಸುಪ್ರೀಂ ಕೋರ್ಟು 1962ರ ತೀರ್ಪೊಂದರಲ್ಲಿ ಮಾನ್ಯ ಮಾಡಲಿಲ್ಲ. ನಮ್ಮ ಮನೆತನ ಶಾಫಿಈ. ಆದ್ದರಿಂದ ನನ್ನ ಮದ್‌ಹಬಿನಂತೆಯೂ, ಕೋರ್ಟಿನಂತೆಯೂ ನನ್ನನ್ನು ತಡೆಯುವವರಿರಲಿಲ್ಲ. ಒಂದು ವಾರ ಇದನ್ನೇ ಹಿಡಿದುಕೊಂಡು ನೆಮ್ಮದಿಯಿಂದ ಇರಲು ಪ್ರಯತ್ನಪಟ್ಟೆ.

ನೆಮ್ಮದಿ ಕೆಡಿಸಿದ್ದು ಬುಖಾರಿಯ ಒಂದು ವರದಿ. ಪ್ರವಾದಿವರ್ಯರ(ಸ) ವಿಮೋಚಿತ ದಾಸರಾಗಿದ್ದ ಹ. ಅಬೂ ರಾಫಿಅ್(ರ) ಅವರಿಗೆ ಹ. ಸಅದ್ ಬಿನ್ ಅಬೀ ವಕ್ಕಾಸ್(ರ) ಅವರ ವಠಾರದಲ್ಲಿ ಎರಡು ಕೋಣೆಗಳಿದ್ದವು. ಅವನ್ನು ಕೊಳ್ಳಿರೆಂದು ಸಅದರನ್ನೇ ಕೇಳಿದರು. ಸಅದ್ ಮೊದಲು ಒಪ್ಪಲಿಲ್ಲ. ಜೊತೆಗಿದ್ದ ಹ. ಮಿಸ್ವರ್(ರ) ಒತ್ತಾಯಿಸಿದಾಗ, ನಾಲ್ಕು ಸಾವಿರ ದಿರ್ಹಮಿಗಿಂತ ಹೆಚ್ಚು ಕೊಡಲಾರೆ, ಅದೂ ಕಂತುಗಳಲ್ಲಿ ಎಂದರು. ಅಬೂ ರಾಫಿಅ್ ಅವರಿಗೆ ಬೇರೆ ಕಡೆಯಿಂದ ಐನೂರು ದೀನಾರ್ ಬರುವುದಿತ್ತು. ಅದನ್ನು ಬಿಟ್ಟು ನಾಲ್ಕು ಸಾವಿರಕ್ಕೇ ಕೊಟ್ಟರು. ಸಮೀಪದಲ್ಲಿರುವ ಕಾರಣ ನೆರೆಯವನೇ ಹೆಚ್ಚು ಹಕ್ಕುದಾರನೆಂದು ಪ್ರವಾದಿವರ್ಯರಿಂದ(ಸ) ತಾವು ಕೇಳಿರದಿದ್ದರೆ ಕೊಡುತ್ತಿರಲಿಲ್ಲವೆಂದರು. ಇಲ್ಲಿ ಕಾಜಿಯೂ ಇಲ್ಲ, ದಾವೆಯೂ ಇಲ್ಲ. ಕೇಳಿದ್ದ ಒಂದು ಮಾತಿಗಾಗಿ ಹಣ ಬಿಟ್ಟರು. ಇಬ್ಬರ ದಾರಿ ಒಂದೇ ಆಗಿದ್ದರೆ, ನೆರೆಯವನು ಊರಲ್ಲಿಲ್ಲದಿದ್ದರೂ ಅವನಿಗಾಗಿ ಕಾಯಬೇಕೆಂಬ ವರದಿಯೊಂದು ಅಬೂದಾವೂದ್, ತಿರ್ಮಿದಿಗಳಲ್ಲಿದೆ. ಅದರ ವರದಿಗಾರರೊಬ್ಬರ ಬಗ್ಗೆ ಹಿಂದಿನವರಲ್ಲಿ ಕೆಲವರು ಆಕ್ಷೇಪ ಎತ್ತಿದ್ದಾರೆ. ಓದಿದಾಗ ನನಗಂತೂ ಆ ದಣಪೆಯೇ ಕಣ್ಣಿಗೆ ಬಂತು.

ನೀರಿನ ಪ್ರಶ್ನೆ ಇನ್ನೂ ಸ್ಪಷ್ಟ. ಮಿಕ್ಕ ನೀರನ್ನು ತಡೆಹಿಡಿಯುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ನೆರೆಯವನು ತನ್ನ ಗೋಡೆಗೆ ಮರದ ತೊಲೆ ಊರುವುದನ್ನು ಕೂಡ ತಡೆಯಬಾರದೆಂಬ ಹದೀಸ್ ಹೇಳಿದಾಗ ಕೇಳುಗರು ಮುಖ ತಿರುಗಿಸಿದ್ದನ್ನು ಕಂಡು ಹ. ಅಬೂ ಹುರೈರಾ(ರ) ಸಿಟ್ಟಾದದ್ದು ಪ್ರಸಿದ್ಧ. ಗೋಡೆಯ ಸಂಗತಿಯೇ ಹೀಗಾದರೆ ಬಾವಿಯ ಸಂಗತಿ ಹೇಗೆ? ಈಸ್‌ಮೆಂಟ್ ಕಾಯಿದೆ ಎಂದು ವಕೀಲರು ಕರೆಯುವ 1882ರ ಕಾಯಿದೆಯೂ ಇಪ್ಪತ್ತು ವರ್ಷ ಬಹಿರಂಗವಾಗಿ, ಅಡೆತಡೆಯಿಲ್ಲದೆ, ಹಕ್ಕೆಂದೇ ಬಳಸಿಕೊಂಡು ಬಂದ ದಾರಿ, ನೀರುಗಳನ್ನು ಗುರುತಿಸುತ್ತದೆ ಎಂದು ಪರಿಚಯದ ವಕೀಲರು ಹೇಳಿದರು. ಕಾಗದದಲ್ಲಿ ಏನೂ ಇಲ್ಲವೆಂಬ ಮಾತು ಕೋರ್ಟಿನಲ್ಲೂ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲವಂತೆ.

ಮುಂದಿನ ವಾರ ನಾನು ಆ ಹೆಂಗಸಿನ ಮನೆಗೆ ಹೋದೆ. ಜಗಲಿಯಲ್ಲಿ ಕೂರಿಸಿ ಬೆಲ್ಲದ ಕಾಫಿ ಕೊಟ್ಟರು. ಈ ಜಾಗ ನಿಮಗೆ ಬೇಕಿದ್ದರೆ ನಾನು ಹಿಂದೆ ಸರಿಯುತ್ತೇನೆ, ನನಗೆ ಹೇಳಿದ ಬೆಲೆಗೇ ನಿಮಗೂ ಕೊಡುವಂತೆ ಮಾರುವವರ ಹತ್ತಿರ ನಾನೇ ಮಾತಾಡುತ್ತೇನೆ ಎಂದೆ. ಅವರು ತುಸು ಹೊತ್ತು ಮಾತಾಡಲಿಲ್ಲ. ನನ್ನ ಮಾತಿನಲ್ಲಿ ಏನಾದರೂ ಒಳಸುಳಿ ಇದೆಯೇ ಎಂದು ಯೋಚಿಸುತ್ತಿದ್ದರೇನೋ. ಆಮೇಲೆ, ಮಗ ಬೆಂಗಳೂರಲ್ಲಿದಾನೆ, ಅವನನ್ನು ಕೇಳಬೇಕು ಎಂದರು. ಮಾರುವವರು ನನ್ನ ಮೇಲೆ ಕಿಡಿಕಿಡಿಯಾಗಿದ್ದಾರೆ. ಭಾವನೂ ನನ್ನೊಂದಿಗೆ ಸರಿಯಾಗಿ ಮಾತಾಡುತ್ತಿಲ್ಲ. ಸಿಕ್ಕಿದ ಮನೆಯನ್ನು ಕೈಯಾರೆ ಬಿಡುವ ಉಸ್ತಾದರನ್ನು ಇಲ್ಲಿಯೇ ನೋಡಿದ್ದು ಎನ್ನುತ್ತಾರೆ. ಹಿಂದೆ ಸರಿದರೆ ಮುಂಗಡದಲ್ಲಿ ಅರ್ಧ ಹೋಗುವುದೆಂದು ಕರಾರಿನಲ್ಲಿದೆ. ಶಿಕ್ಷಕನ ಸಂಬಳದಲ್ಲಿ ಅದೇನು ಸಣ್ಣ ಮೊತ್ತವಲ್ಲ.

ಮಗನಿಗೆ ಬೇಡವಾದರೆ ಮನೆ ನಮ್ಮದಾಗಬಹುದು. ಪತ್ರ ಬರೆಯುವವರಿಗೆ ಒಂದು ಕಲಮು ಸೇರಿಸಲು ಹೇಳಿಟ್ಟಿದ್ದೇನೆ. ಪೂರ್ವದ ಚೆಕ್ಕುಬಂದಿಯವರಿಗೂ ಅವರ ವಾರಸುದಾರರಿಗೂ ಬಾವಿಯ ನೀರು ಸೇದುವ ಹಕ್ಕು, ಮೂರಡಿ ಕಾಲುದಾರಿ ಎಂದು. ಹೀಗೆ ಬರೆಸಿದರೆ ನಾಳೆ ನೀವು ಮಾರುವಾಗ ಬೆಲೆ ಇಳಿಯುತ್ತದೆ ಮೇಷ್ಟ್ರೆ ಎಂದು ಅವರು ಎಚ್ಚರಿಸಿದರು. ಇಳಿಯಬಹುದು.

ಉಮ್ಮ ಪ್ರತಿ ಸಂಜೆ ಬೆಂಗಳೂರಿನಿಂದ ಸುದ್ದಿ ಬಂತೇ ಎಂದು ಕೇಳುತ್ತಾರೆ. ಬಂದಿಲ್ಲ. ಕರಾರಿನ ಅವಧಿ ಮುಗಿಯಲು ಇನ್ನು ಇಪ್ಪತ್ತೆರಡು ದಿನಗಳಿವೆ.